ಬಾಯೊಳಗಿನ ಹುಣ್ಣು, ಬಾವು, ಗಾಯ: ಮನೆಯಲ್ಲಿ ಮತ್ತು ಶಾಲೆಯಲ್ಲಿ

(ಸಂಸ್ಥೆಯ ಆರೋಗ್ಯ ಸಪ್ತಾಹದಲ್ಲಿ ವಿದ್ಯಾರ್ಥಿಗಳು ಮತ್ತು ಪಾಲಕರ ಮುಂದೆ ಮಾಡಿದ ಭಾಷಣದ ಬರಹ ರೂಪ)



ಬಾಯಿಯ ಆರೋಗ್ಯದ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ, "ದಂತವೈದ್ಯರನ್ನು ಕರೆಸಿ ಸಾಹೇಬರೇ" ಎಂದೆ. "ಡಾಕ್ಟರು ಶನಿವಾರ ತಪಾಸಣೆಗೆ ಬರುತ್ತಾರೆ. ಅದಕ್ಕೆ ಮೊದಲು ಮಕ್ಕಳಿಗೆ ತಿಳಿಯುವ ಮಾತಿನಲ್ಲಿ ನೀವು ಹೇಳಿಬಿಡಿ ಮಾಸ್ಟರೇ" ಎಂದರು. ನಾನು ವೈದ್ಯನಲ್ಲ, ಉರ್ದು ಮತ್ತು ಕನ್ನಡ ಕಲಿಸುವವನು. ಆದರೂ ಭಾಷೆ ಕಲಿಸುವವನ ಕೆಲಸವೆಲ್ಲ ಇರುವುದು ಮಕ್ಕಳ ಬಾಯಿಯ ಜೊತೆಗೇ. ಅಕ್ಷರ ಸರಿಯಾಗಿ ಹೊರಡಬೇಕಾದರೆ ತುಟಿ, ನಾಲಿಗೆ, ಕೆನ್ನೆ, ಅಂಗುಳ ಎಲ್ಲವೂ ಮೆತ್ತಗಿದ್ದು ಆಡಬೇಕು. ಮದರಸಾದಲ್ಲಿ ತಜ್ವೀದ್ ಕಲಿತ ಮಕ್ಕಳಿಗೆ ಇದು ಗೊತ್ತು. ಯಾವ ಅಕ್ಷರ ಬಾಯಿಯ ಯಾವ ಜಾಗದಿಂದ ಹೊರಡುತ್ತದೆ ಎಂಬುದನ್ನು ಉಸ್ತಾದರು ಮೊದಲು ಕಲಿಸುತ್ತಾರೆ. ಇವತ್ತು ನಾನು ಹಲ್ಲಿನ ವಿಷಯ ಹೆಚ್ಚು ಹೇಳುವುದಿಲ್ಲ. ಹಲ್ಲನ್ನು ಬಿಟ್ಟು ಬಾಯಿಯಲ್ಲಿ ಉಳಿದದ್ದೇನಿದೆಯೋ, ಆ ಮೆತ್ತನೆಯ ಭಾಗಗಳ ಉರಿ, ಬಾವು, ಗಾಯಗಳ ವಿಷಯ ಹೇಳುತ್ತೇನೆ.

ಕೆನ್ನೆಯ ಒಳಗಡೆ ನಾಲಿಗೆಯಿಂದ ಸವರಿ ನೋಡಿ. ನುಣುಪಾಗಿ, ಒದ್ದೆಯಾಗಿ ಇದೆಯಲ್ಲವೇ? ಅದನ್ನು ಲೋಳೆಪೊರೆ ಎನ್ನುತ್ತಾರೆ. ಈ ಪೊರೆಗೆ ರಕ್ತದ ಸರಬರಾಜು ಬಹಳ. ಆದ್ದರಿಂದ ಸಣ್ಣ ಗಾಯವಾದರೂ ರಕ್ತ ಧಾರಾಳವಾಗಿ ಬಂದು, ಉಗುಳಿನ ಜೊತೆ ಸೇರಿ, ನೋಡುವವರ ಎದೆ ಝಲ್ಲೆನ್ನುತ್ತದೆ. ಅದೇ ಕಾರಣಕ್ಕೆ ಬಾಯಿಯ ಗಾಯ ಮೈಮೇಲಿನ ಗಾಯಕ್ಕಿಂತ ಬೇಗ ಮಾಯುತ್ತದೆ. ಬಹಳಷ್ಟು ಸಂದರ್ಭಗಳಲ್ಲಿ ನಾವು ಮಾಡಬೇಕಾದ ಕೆಲಸ, ಅದು ಮಾಯುವುದಕ್ಕೆ ಅಡ್ಡಿ ಮಾಡದೇ ಇರುವುದು.

ಶಾಲೆಯಲ್ಲಿ ಆಗುವುದರಿಂದಲೇ ಆರಂಭಿಸುತ್ತೇನೆ. ಆಟದ ಬಯಲಿನಲ್ಲಿ ಹುಡುಗ ಬಿದ್ದ, ತುಟಿ ಒಡೆಯಿತು, ಇಲ್ಲವೇ ನಾಲಿಗೆ ಕಚ್ಚಿಕೊಂಡ. ಕೂಡಲೇ ನಾಲ್ಕು ಜನ ಓಡಿ ಬಂದು, ಒಬ್ಬ ತಲೆ ಮೇಲಕ್ಕೆತ್ತು ಎನ್ನುತ್ತಾನೆ, ಇನ್ನೊಬ್ಬ ಅರಿಶಿನ ತುಂಬು ಎನ್ನುತ್ತಾನೆ, ಮತ್ತೊಬ್ಬ ಕಾಫಿ ಪುಡಿ ತರಲು ಓಡುತ್ತಾನೆ. ಯಾವುದೂ ಬೇಡ. ಮಗುವನ್ನು ಕೂರಿಸಿ, ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ. ತಲೆ ಹಿಂದಕ್ಕೆ ಮಾಡಿದರೆ ರಕ್ತ ಗಂಟಲಿಗೆ ಇಳಿದು ವಾಂತಿಯಾಗುತ್ತದೆ. ತಣ್ಣೀರಿನಿಂದ ಒಂದು ಸಲ ಬಾಯಿ ತೊಳೆಸಿ, ಶುಭ್ರವಾದ ಬಟ್ಟೆಯನ್ನು ಮಡಿಸಿ ಗಾಯದ ಮೇಲಿಟ್ಟು ಹತ್ತು ನಿಮಿಷ ಒತ್ತಿ ಹಿಡಿಯಿರಿ. ಗಡಿಯಾರ ನೋಡಿ ಹತ್ತು ನಿಮಿಷ. ನಿಮಿಷಕ್ಕೊಮ್ಮೆ "ನಿಂತಿತೇ ನೋಡೋಣ" ಎಂದು ಬಟ್ಟೆ ತೆಗೆದರೆ ಹೆಪ್ಪುಗಟ್ಟಿದ್ದು ಕಿತ್ತುಹೋಗಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಮಂಜುಗಡ್ಡೆ ಸಿಕ್ಕಿದರೆ ಬಟ್ಟೆಯಲ್ಲಿ ಸುತ್ತಿ ಹೊರಗಿನಿಂದ ಇಡಬಹುದು. ನಾಲಿಗೆಯ ಸಣ್ಣ ಗಾಯಗಳಿಗೆ ಹೊಲಿಗೆ ಬೇಕಾಗುವುದು ಅಪರೂಪ.

ಯಾವಾಗ ಆಸ್ಪತ್ರೆಗೆ? ಹತ್ತು ಹದಿನೈದು ನಿಮಿಷ ಒತ್ತಿದರೂ ರಕ್ತ ನಿಲ್ಲದಿದ್ದರೆ. ಗಾಯದ ಎರಡು ಅಂಚುಗಳು ಬಾಯಿ ಬಿಟ್ಟುಕೊಂಡಿದ್ದರೆ. ತುಟಿಯ ಒಳಗಿನಿಂದ ಹೊರಗಿನವರೆಗೆ ಸೀಳಿದ್ದರೆ. ತುಟಿಯ ಕೆಂಪು ಭಾಗ ಚರ್ಮಕ್ಕೆ ಸೇರುವ ಗೆರೆ ತುಂಡಾಗಿದ್ದರೆ. ಆ ಗೆರೆ ಒಂದೆಳೆ ಆಚೀಚೆ ಸೇರಿಕೊಂಡರೂ ಮುಖದಲ್ಲಿ ಜೀವನಪೂರ್ತಿ ಕಾಣುತ್ತದೆ. ನಾಯಿ ಕಚ್ಚಿದ ಗಾಯವಾದರೆ ಕೂಡಲೇ ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು. ಮಣ್ಣು, ತುಕ್ಕು ಹಿಡಿದ ಕಬ್ಬಿಣ ತಾಗಿದ್ದರೆ ಧನುರ್ವಾಯು ಚುಚ್ಚುಮದ್ದಿನ ವಿಚಾರ ಕೇಳಿ.

ಇನ್ನೊಂದು ಗಾಯವಿದೆ, ಹೊರಗೆ ಕಾಣುವುದಿಲ್ಲ. ಚಿಕ್ಕ ಮಕ್ಕಳು ಪೆನ್ಸಿಲ್, ಟೂತ್‌ಬ್ರಶ್, ಐಸ್‌ಕ್ಯಾಂಡಿ ಕಡ್ಡಿ ಬಾಯಲ್ಲಿಟ್ಟುಕೊಂಡು ಓಡುತ್ತಾರೆ, ಮುಗ್ಗರಿಸುತ್ತಾರೆ, ಅದು ಅಂಗುಳಕ್ಕೆ ಚುಚ್ಚುತ್ತದೆ. ರಕ್ತ ಎರಡು ಹನಿ ಬಂದು ನಿಲ್ಲುತ್ತದೆ, ಮಗು ಅತ್ತು ಮಲಗುತ್ತದೆ. ಅಂಗುಳದ ಹಿಂಭಾಗದ ಪಕ್ಕದಲ್ಲಿಯೇ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳವಿದೆ. ಆದ್ದರಿಂದ ಬಾಯಿಯ ಹಿಂಭಾಗಕ್ಕೆ ಏನಾದರೂ ಚುಚ್ಚಿದ್ದರೆ, ಗಾಯ ಎಷ್ಟೇ ಚಿಕ್ಕದಿರಲಿ, ಅದೇ ದಿನ ವೈದ್ಯರಿಗೆ ತೋರಿಸಿ. ಕಡ್ಡಿ ಅಲ್ಲೇ ಸಿಕ್ಕಿಕೊಂಡಿದ್ದರೆ ನೀವು ಎಳೆಯಬೇಡಿ.

ತಾಯಂದಿರಿಗೆ ಒಂದು ಮಾತು. ಹಲ್ಲು ಕೀಳಿಸಲು ಮಗುವಿಗೆ ಮರಗಟ್ಟಿಸುವ ಸೂಜಿ ಹಾಕಿಸಿರುತ್ತೀರಿ. ಮನೆಗೆ ಬಂದ ಮೇಲೆ ಆ ತುಟಿ ತನ್ನದಲ್ಲವೆಂಬಂತೆ ಮಗು ಅದನ್ನು ಅಗಿಯುತ್ತಾ ಕೂರುತ್ತದೆ, ನೋವು ಗೊತ್ತಾಗುವುದಿಲ್ಲ. ಮರುದಿನ ತುಟಿ ಊದಿ, ಮೇಲೆ ಬಿಳಿ ಪದರ ಕಟ್ಟಿರುತ್ತದೆ. "ಸೂಜಿ ಕೀವಾಯಿತು" ಎಂದು ಡಾಕ್ಟರ ಜೊತೆ ಜಗಳಕ್ಕೆ ಹೋದವರೂ ಇದ್ದಾರೆ. ಆ ಬಿಳಿ ಪದರ ಕೀವಲ್ಲ, ಗಾಯ ಮಾಯುವ ಲಕ್ಷಣ. ಒಂದೆರಡು ವಾರದಲ್ಲಿ ವಾಸಿಯಾಗುತ್ತದೆ. ಮರಗಟ್ಟುವಿಕೆ ಬಿಡುವವರೆಗೆ ಊಟ ಕೊಡದೆ, ಮಗುವಿನ ಮೇಲೆ ಕಣ್ಣಿಟ್ಟರೆ ಇದನ್ನೆಲ್ಲ ತಪ್ಪಿಸಬಹುದು. ಹಲ್ಲು ಕೀಳಿಸಿದ ದಿನ ಜೋರಾಗಿ ಮುಕ್ಕಳಿಸುವುದು, ಮತ್ತೆ ಮತ್ತೆ ಉಗುಳುವುದು, ಸ್ಟ್ರಾ ಹಾಕಿ ಕುಡಿಯುವುದು ಬೇಡ. ವುಝೂ ಮಾಡುವಾಗ ನೀರನ್ನು ಮೆಲ್ಲಗೆ ಬಾಯಿಗೆ ತೆಗೆದುಕೊಂಡು ಮೆಲ್ಲಗೆ ಬಿಟ್ಟುಬಿಡಿ.

ಈಗ ಮನೆಮದ್ದಿಗೆ ಬರೋಣ. ಮನೆಮದ್ದೆಲ್ಲ ಕೆಟ್ಟದ್ದೆಂದು ಹೇಳುವವನು ನಾನಲ್ಲ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು, ಊಟದ ನಂತರ ಮುಕ್ಕಳಿಸುವುದು: ಇದಕ್ಕಿಂತ ಅಗ್ಗದ, ಒಳ್ಳೆಯ ಮದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ಆದರೆ ಹಲ್ಲು ನೋವೆಂದು ಆಸ್ಪಿರಿನ್ ಮಾತ್ರೆಯನ್ನು ಒಸಡಿಗೂ ಕೆನ್ನೆಗೂ ನಡುವೆ ಒತ್ತಿಟ್ಟುಕೊಳ್ಳುವುದಿದೆ ನೋಡಿ, ಅದು ಮದ್ದಲ್ಲ. ಆಸ್ಪಿರಿನ್ ಒಂದು ಆಮ್ಲ. ಅರ್ಧ ಗಂಟೆಯೊಳಗೆ ಆ ಜಾಗ ಸುಟ್ಟು, ಬೇಯಿಸಿದ ಮೊಟ್ಟೆಯ ಬಿಳಿಯಂತೆ ಬೆಳ್ಳಗಾಗಿ ಸುಲಿದು ಬರುತ್ತದೆ. ಹಲ್ಲು ನೋವಿನ ಜೊತೆಗೆ ಹುಣ್ಣಿನ ನೋವು ಬೇರೆ. ಲವಂಗದ ಎಣ್ಣೆಯನ್ನು ನೇರವಾಗಿ ಒಸಡಿಗೆ ಸುರಿದರೂ ಇದೇ ಗತಿ. ಹಸುಗೂಸುಗಳ ಬಾಯಿ ಬೆಳ್ಳಗಾದರೆ ಕೆಲವರು ಬೋರಾಕ್ಸ್ ಗ್ಲಿಸರಿನ್ ಹಚ್ಚುತ್ತಾರೆ. ಬೋರಾಕ್ಸ್ ಮಗುವಿನ ಹೊಟ್ಟೆ ಸೇರಿದರೆ ವಿಷ, ಫಿಟ್ಸ್ ಬರಬಹುದು. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪವನ್ನೂ ನೆಕ್ಕಿಸಬಾರದು. ಹಾಲಿನ ಕೆನೆಯಂತಹ ಆ ಬಿಳಿ ಪದರ ಒಂದು ಬಗೆಯ ಶಿಲೀಂಧ್ರ, ವೈದ್ಯರು ಕೊಡುವ ಹನಿ ಔಷಧಿಯಿಂದ ಸುಲಭವಾಗಿ ಹೋಗುತ್ತದೆ.

ಸುಣ್ಣದ ಮಾತು ಬಿಡುವಂತಿಲ್ಲ. ಎಲೆಗೆ ಹಚ್ಚುವ ಸುಣ್ಣ ಕ್ಷಾರ. ಮಕ್ಕಳು ಸುಣ್ಣದ ಪೊಟ್ಟಣವನ್ನು ಹಲ್ಲಿನಿಂದ ಹರಿಯುತ್ತಾರೆ, ತುಟಿ ನಾಲಿಗೆ ಸುಡುತ್ತದೆ, ಕಣ್ಣಿಗೆ ಚಿಮ್ಮಿದರೆ ಕಣ್ಣೇ ಹೋಗಬಹುದು. ಸುಣ್ಣಕ್ಕೆ ನಿಂಬೆಹಣ್ಣು ಎಂಬ ಲೆಕ್ಕಾಚಾರ ಬೇಡ. ನೀರು, ಮತ್ತೆ ನೀರು, ಮತ್ತೆ ನೀರು. ಹದಿನೈದು ಇಪ್ಪತ್ತು ನಿಮಿಷ ತೊಳೆಯುತ್ತಲೇ ಇದ್ದು ಆಮೇಲೆ ಆಸ್ಪತ್ರೆಗೆ. ಕಕ್ಕಸು ತೊಳೆಯುವ ಆಸಿಡ್ ನುಂಗಿದ್ದರೆ ವಾಂತಿ ಮಾಡಿಸಬೇಡಿ, ಹೋಗುವಾಗ ಸುಟ್ಟಿದ್ದು ಬರುವಾಗಲೂ ಸುಡುತ್ತದೆ.

ಬಾಯಿ ಹುಣ್ಣು, ನಮ್ಮ ಮನೆಗಳಲ್ಲಿ ಛಾಲೆ ಎನ್ನುತ್ತೇವಲ್ಲ, ಪರೀಕ್ಷೆಯ ದಿನಗಳಲ್ಲಿ ಎಷ್ಟೋ ವಿದ್ಯಾರ್ಥಿಗಳಿಗೆ ಬರುತ್ತದೆ. ದುಂಡಗೆ, ನಡುವೆ ಹಳದಿ ಮಿಶ್ರಿತ ಬಿಳುಪು, ಸುತ್ತ ಕೆಂಪು. ನಿದ್ದೆಗೆಟ್ಟರೆ, ಚಿಂತೆಯಿದ್ದರೆ, ಹಲ್ಲು ತಾಗಿದರೆ ಏಳುತ್ತದೆ. ಇದು ಅಂಟುರೋಗವಲ್ಲ, ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ. ಏಳರಿಂದ ಹದಿನಾಲ್ಕು ದಿನದಲ್ಲಿ ತಾನಾಗಿ ಮಾಯುತ್ತದೆ. ಖಾರ, ಹುಳಿ, ಸುಡುಸುಡು ಚಹಾ ಬಿಟ್ಟು, ಮಜ್ಜಿಗೆ, ಗಂಜಿ, ಬಾಳೆಹಣ್ಣು ತಿನ್ನಿ. ಪ್ರತಿ ಹುಣ್ಣಿಗೂ ಬಿ ಕಾಂಪ್ಲೆಕ್ಸ್ ನುಂಗುವ ಅಭ್ಯಾಸ ನಮ್ಮಲ್ಲಿದೆ; ಮೈಯಲ್ಲಿ ಕೊರತೆ ಇದ್ದರೆ ಮಾತ್ರ ಅದರಿಂದ ಉಪಯೋಗ. ಪದೇ ಪದೇ ಹುಣ್ಣಾಗುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣ, ಬಿ12, ಫೋಲಿಕ್ ಆಮ್ಲದ ಕೊರತೆ ಇರಬಹುದು. ವಿಶೇಷವಾಗಿ ಹೆಣ್ಣುಮಕ್ಕಳಿಗೆ ಹೇಳುತ್ತೇನೆ, ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯನ್ನು ಕಿಟಕಿಯಿಂದ ಎಸೆಯಬೇಡಿ. ಅದು ಈ ಕೊರತೆಗೇ ಇರುವುದು. ಇನ್ನು ಹುಣ್ಣಿಗೆ ಹಚ್ಚುವ ಮುಲಾಮುಗಳಲ್ಲಿ ಕೆಲವು ಸ್ಟೀರಾಯ್ಡ್ ಇರುವಂಥವು. ವೈರಸ್ಸಿನಿಂದಲೋ ಶಿಲೀಂಧ್ರದಿಂದಲೋ ಆದ ಹುಣ್ಣಿಗೆ ಅದನ್ನು ಹಚ್ಚಿದರೆ ಹೆಚ್ಚಾಗುತ್ತದೆ. ಮೆಡಿಕಲ್ ಅಂಗಡಿಯವರು ಕೊಟ್ಟರೆಂದು ಹಚ್ಚಿಕೊಳ್ಳುವುದು ಸರಿಯಲ್ಲ.

ಒಸಡು, ಉರ್ದುವಿನಲ್ಲಿ ಮಸೂಡೆ. ಬ್ರಶ್ ಮಾಡುವಾಗ ರಕ್ತ ಬಂತೆಂದು ಹೆದರಿ ಬ್ರಶ್ ಮಾಡುವುದನ್ನೇ ಬಿಡುವವರು ಹೆಚ್ಚು. ಆಗಬೇಕಾದದ್ದು ಇದಕ್ಕೆ ವಿರುದ್ಧ. ಹಲ್ಲಿನ ಬುಡದಲ್ಲಿ ಕಟ್ಟಿದ ಪಾಚಿಯಂತಹ ಕೊಳೆಯಿಂದ ಒಸಡು ಊದಿಕೊಂಡು ರಕ್ತ ಬರುತ್ತದೆ. ಮೆತ್ತನೆಯ ಬ್ರಶ್‌ನಿಂದ ದಿನಕ್ಕೆರಡು ಸಲ ನಿಧಾನವಾಗಿ ತಿಕ್ಕಿದರೆ, ಕೆಲವೇ ದಿನಗಳಲ್ಲಿ ರಕ್ತ ಕಡಿಮೆಯಾಗಬೇಕು. ಗಾರೆ ಕಟ್ಟಿದ್ದರೆ ದಂತವೈದ್ಯರೇ ತೆಗೆಯಬೇಕು. ಸಕ್ಕರೆ ಕಾಯಿಲೆ ಇರುವ ಹಿರಿಯರು ಒಸಡನ್ನು ನಿರ್ಲಕ್ಷಿಸಿದರೆ ಸಕ್ಕರೆಯೂ ಹಿಡಿತಕ್ಕೆ ಬರುವುದು ಕಷ್ಟ.

ನಬಿ (ಸ) ಅವರು ಮಿಸ್ವಾಕ್‌ಗೆ ಎಷ್ಟು ಒತ್ತು ಕೊಟ್ಟಿದ್ದರೆಂಬುದು ನಿಮಗೆಲ್ಲ ಗೊತ್ತಿರುವುದೇ. ಆದರೆ ಒಣಗಿ ಕಟ್ಟಿಗೆಯಾದ ಮಿಸ್ವಾಕನ್ನು ತಿಂಗಳುಗಟ್ಟಲೆ ಜೇಬಿನಲ್ಲಿಟ್ಟುಕೊಂಡು, ಗರಗಸ ಎಳೆದಂತೆ ಅಡ್ಡಡ್ಡ ತಿಕ್ಕಿದರೆ ಒಸಡು ಹರಿಯುತ್ತದೆ, ಹಿಂದೆ ಸರಿದು ಹಲ್ಲಿನ ಬೇರು ಕಾಣುತ್ತದೆ. ತುದಿಯನ್ನು ನೀರಿನಲ್ಲಿ ನೆನೆಸಿ, ಅಗಿದು ನಾರು ಮೆತ್ತಗೆ ಮಾಡಿಕೊಳ್ಳಿ. ಒಸಡಿನಿಂದ ಹಲ್ಲಿನ ಕಡೆಗೆ ಮೆಲ್ಲಗೆ ತಿಕ್ಕಿ. ಹಳೆಯ ನಾರನ್ನು ಆಗಾಗ ಕತ್ತರಿಸಿ ಹೊಸದು ಮಾಡಿ. ರೋಜಾ ಇರುವಾಗ ಮಧ್ಯಾಹ್ನದ ಮೇಲೆ ಮಿಸ್ವಾಕ್ ಮಾಡುವ ವಿಷಯದಲ್ಲಿ ಹನಫಿ, ಶಾಫಿ ಮಝ್‌ಹಬ್‌ಗಳ ಅಭಿಪ್ರಾಯ ಬೇರೆಯಿದೆ, ಅದನ್ನು ನಿಮ್ಮ ಇಮಾಮ್ ಸಾಹೇಬರಲ್ಲಿ ಕೇಳಿ. ರೋಜಾದ ತಿಂಗಳಲ್ಲಿ ಹುಣ್ಣಿನ ಮುಲಾಮನ್ನು ಇಫ್ತಾರಿನ ನಂತರ ಮತ್ತು ರಾತ್ರಿ ಮಲಗುವಾಗ ಹಚ್ಚಿಕೊಂಡರೆ ತೊಂದರೆಯೇ ಇಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಹಲ್ಲಿನ ಬೇರಿನ ಕೀವು ದವಡೆಯ ಕೆಳಗೆ ಇಳಿದು, ನಾಲಿಗೆಯ ಅಡಿಭಾಗ ಊದಿ ನಾಲಿಗೆ ಮೇಲೆದ್ದರೆ, ಜ್ವರವಿದ್ದು ಉಗುಳು ನುಂಗಲೂ ಆಗದಿದ್ದರೆ, ಅದು ರಾತ್ರಿ ಕಳೆಯಲಿ ಎಂದು ಕಾಯುವ ಬಾವಲ್ಲ. ಉಸಿರಿನ ದಾರಿಯೇ ಮುಚ್ಚಿಹೋಗುತ್ತದೆ. 108ಕ್ಕೆ ಫೋನ್ ಮಾಡಿ. ಬಾವಿಗೆ ಬಿಸಿ ಶಾಖ ಕೊಡುವುದು, ಸೂಜಿಯಿಂದ ಚುಚ್ಚುವುದು, ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಎರಡು ನುಂಗುವುದು, ಇವೆಲ್ಲ ಹೊತ್ತು ಕಳೆಯುವ ಕೆಲಸ.

ಇಷ್ಟು ಹೇಳಿದ್ದು ಬೇಗ ಮಾಯುವ ಗಾಯಗಳ ವಿಷಯ. ನಾನು ಇಲ್ಲಿ ನಿಲ್ಲಲು ಒಪ್ಪಿಕೊಂಡದ್ದು ಮಾಯದ ಗಾಯವೊಂದರ ವಿಷಯ ಹೇಳುವುದಕ್ಕೆ.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಪದ್ಯ ಓದುವಾಗ ದೀರ್ಘ 'ಆ'ಕಾರವೆಲ್ಲ ಬಿಗಿಯಾಗಿ ಹೊರಡುತ್ತಿತ್ತು. ಬಾಯಿ ತೆರೆದು ಓದು ಎಂದೆ. "ಇಷ್ಟೇ ಬರೋದು ಸರ್" ಎಂದ. ತರಗತಿ ನಕ್ಕಿತು. ಆಮೇಲೆ ಹೊರಗೆ ಕರೆದು ನೋಡಿದರೆ ಅವನ ಬಾಯಿಗೆ ಎರಡು ಬೆರಳೂ ಸರಿಯಾಗಿ ಹೋಗುತ್ತಿರಲಿಲ್ಲ. ಊಟದಲ್ಲಿ ಸಾರು ತಾಗಿದರೂ ಉರಿಯುತ್ತದೆಂದು ಒಂದು ವರ್ಷದಿಂದ ಬರೀ ಮೊಸರನ್ನ ತಿನ್ನುತ್ತಿದ್ದನಂತೆ. ಮನೆಯವರು "ಖಾರ ಸೇರುವುದಿಲ್ಲ" ಎಂದುಕೊಂಡಿದ್ದರು. ಆರನೆಯ ತರಗತಿಯಿಂದ ಅಡಿಕೆ ಪೊಟ್ಟಣ ತಿನ್ನುತ್ತಿದ್ದ. ತಂಬಾಕು ಮುಟ್ಟಿದವನಲ್ಲ. "ಬರೀ ಸುಪಾರಿ ಸರ್, ಸಿಹಿಯದು" ಎಂದ.

ಬರೀ ಸುಪಾರಿ. ನಮ್ಮ ಜನ ಮೋಸ ಹೋಗುತ್ತಿರುವುದು ಈ ಮಾತಿನಲ್ಲಿಯೇ. ಅಡಿಕೆಯಲ್ಲಿ ಅರೆಕೋಲಿನ್ ಎಂಬ ವಸ್ತುವಿದೆ. ಅದು ಕೆನ್ನೆಯ ಪೊರೆಯ ಕೆಳಗಿರುವ ಕಣಗಳನ್ನು ಕೆರಳಿಸಿ ನಾರನ್ನು ಹೆಚ್ಚು ಹೆಚ್ಚಾಗಿ ಉತ್ಪತ್ತಿ ಮಾಡಿಸುತ್ತದೆ. ಅಡಿಕೆಯಲ್ಲಿರುವ ತಾಮ್ರದ ಅಂಶ ಆ ನಾರುಗಳನ್ನು ಒಂದಕ್ಕೊಂದು ಬಿಗಿದು ಕರಗದಂತೆ ಮಾಡುತ್ತದೆ. ಮೆತ್ತಗಿದ್ದ ಕೆನ್ನೆ ಹಗ್ಗ ಹೊಸೆದಂತೆ ಗಡುಸಾಗಿ, ಬೆಳ್ಳಗಾಗಿ, ಬಾಯಿ ತೆರೆಯದಾಗುತ್ತದೆ. ಮೊದಲ ಲಕ್ಷಣ ಖಾರ ತಾಗದಿರುವುದು, ಉರಿ. 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಕೀನ್ಯಾದಲ್ಲಿದ್ದ ಐವರು ಭಾರತೀಯ ಮಹಿಳೆಯರಲ್ಲಿ ಇದನ್ನು ಗುರುತಿಸಿ ಬರೆದರು, ಮರುವರ್ಷ ಮುಂಬಯಿಯ ಡಾ. ಜೋಶಿಯವರು ಇಲ್ಲಿನ ರೋಗಿಗಳ ಬಗ್ಗೆ ಬರೆದರು. ದೇಶ ಬಿಟ್ಟು ಹೋದರೂ ಅಡಿಕೆ ಬಿಡದವರ ಹಿಂದೆ ರೋಗವೂ ಹೋಗಿತ್ತು.

ಈ ರೋಗ ಬಾಯಿ ಬಿಗಿಯುವುದರಲ್ಲೇ ನಿಲ್ಲುವುದಿಲ್ಲ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ 66 ರೋಗಿಗಳನ್ನು 17 ವರ್ಷಗಳ ಅವಧಿಯಲ್ಲಿ ಗಮನಿಸಿದಾಗ 5 ಮಂದಿಗೆ ಬಾಯಿಯ ಕ್ಯಾನ್ಸರ್ ಆಗಿತ್ತು ಎಂದು 1985ರಲ್ಲಿ ವರದಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿ ತಂಬಾಕು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ಪಟ್ಟಿಗೇ ಸೇರಿಸಿದೆ.

ಅಡಿಕೆ ಬೆಳೆಯುವವರು ನಮ್ಮವರೇ. ಮಲೆನಾಡು, ಕರಾವಳಿಯ ಎಷ್ಟೋ ಮನೆಗಳ ಮಕ್ಕಳ ಓದು ಅಡಿಕೆಯ ದುಡ್ಡಿನಿಂದಲೇ ನಡೆಯುತ್ತದೆ, ಅದನ್ನು ನಾನು ಹೀಗಳೆಯುವುದಿಲ್ಲ. ನಮ್ಮ ಎರಡೂ ಭಾಷೆಗಳಲ್ಲಿ ವೀಳ್ಯಕ್ಕೆ ಮರ್ಯಾದೆ ಇದೆ. ಕನ್ನಡದಲ್ಲಿ ಯುದ್ಧಕ್ಕೆ ರಣವೀಳ್ಯ ಕೊಡುತ್ತಿದ್ದರು. ಉರ್ದುವಿನಲ್ಲಿ ಕಷ್ಟದ ಕೆಲಸ ಒಪ್ಪಿಕೊಂಡರೆ ಬೀಡಾ ಎತ್ತಿಕೊಂಡ ಎನ್ನುತ್ತೇವೆ. ಅಜ್ಜಿಯರ ಪಾನ್‌ದಾನ್ ನೋಡಿ ಬೆಳೆದವರು ನಾವು. ಮರ್ಯಾದೆಗೆ ಸಂದ ವಸ್ತು ಅಪಾಯಕಾರಿಯಲ್ಲ ಎಂದು ಅರ್ಥವಲ್ಲ. ಅಜ್ಜಿ ಊಟದ ಮೇಲೆ ಎಲೆ ಸುತ್ತಿ ತಿನ್ನುತ್ತಿದ್ದರು. ಹುಡುಗರು ಒಣ ಪುಡಿಯನ್ನು ದಿನಕ್ಕೆ ಏಳೆಂಟು ಪೊಟ್ಟಣ ಕೆನ್ನೆಯಲ್ಲಿ ತುಂಬಿಕೊಳ್ಳುತ್ತಾರೆ. ಅಜ್ಜಿಯ ಎಲೆಯೂ ನಿರಪಾಯವಲ್ಲ, ಆದರೆ ಹುಡುಗರಲ್ಲಿ ಬಾಯಿ ಬಿಗಿಯಲು ಹೆಚ್ಚು ವರ್ಷ ಬೇಕಾಗುವುದಿಲ್ಲ.

ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಎರಡೂ ಅಕ್ಕಪಕ್ಕ ನೇತಾಡತೊಡಗಿದವು, ಬೆರೆಸುವ ಕೆಲಸ ಗಿರಾಕಿಯದು. ತಂಬಾಕು ಮಾರುವ ವಯಸ್ಸಿನ ಮಿತಿಯನ್ನು ನಮ್ಮ ರಾಜ್ಯ 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ 21ಕ್ಕೆ ಏರಿಸಿದೆ, ಶಾಲೆಯ ಆವರಣದಿಂದ 100 ಮೀಟರಿನೊಳಗೆ ಮಾರುವಂತಿಲ್ಲ. ಸಿಹಿ ಸುಪಾರಿಯಲ್ಲಿ ತಂಬಾಕಿಲ್ಲವಾದ್ದರಿಂದ ಅದು ಚಾಕೊಲೇಟಿನ ಡಬ್ಬದ ಪಕ್ಕದಲ್ಲಿಯೇ ಕೂತಿದೆ. ನಮ್ಮ ಮದುವೆಗಳಲ್ಲಿ ಬಿರಿಯಾನಿಯ ನಂತರ ಮಕ್ಕಳ ಕೈಗೂ ಸಿಗುತ್ತದೆ. ಕಮಿಟಿಯ ಹಿರಿಯರು ಇಲ್ಲಿದ್ದೀರಿ. ಮದುವೆ ಹಾಲಿನಲ್ಲಿ ಸುಪಾರಿಯ ಬದಲು ಸೋಂಪು ಇಡಿಸುವುದು ನಿಮಗೆ ದೊಡ್ಡ ಕೆಲಸವಲ್ಲ.

ಈಗ ಎಲ್ಲರೂ ನಿಮ್ಮ ಮೂರು ಬೆರಳುಗಳನ್ನು ಜೋಡಿಸಿ, ಒಂದರ ಮೇಲೊಂದು ಬರುವಂತೆ ಹಿಡಿದು, ಮುಂದಿನ ಮೇಲು ಹಲ್ಲು ಕೆಳ ಹಲ್ಲುಗಳ ನಡುವೆ ಇಟ್ಟು ನೋಡಿ. ನಗಬೇಡಿ, ನಾನೂ ಇಡುತ್ತೇನೆ. ಮೂರೂ ಹೋದವೇ? ಹೋಗದಿದ್ದವರು ಇಲ್ಲಿ ಹೇಳಬೇಕಿಲ್ಲ, ಶನಿವಾರ ಡಾಕ್ಟರಿಗೆ ಹೇಳಿ. ಅಡಿಕೆಯನ್ನು ಅರ್ಧದಲ್ಲಿಯೇ ಬಿಟ್ಟರೆ ರೋಗ ಮುಂದೆ ಸಾಗುವುದನ್ನು ತಡೆಯಬಹುದು. ಬಾಯಿ ತೆರೆಯುವ ವ್ಯಾಯಾಮ, ಚುಚ್ಚುಮದ್ದು, ಹೆಚ್ಚಾಗಿದ್ದರೆ ಶಸ್ತ್ರಚಿಕಿತ್ಸೆ ಇದೆ. ಆದರೆ ಬಿಗಿದದ್ದು ಪೂರ್ತಿ ಮೊದಲಿನಂತಾಗುವುದು ಕಷ್ಟ. ನಾನು ಹೇಳಿದ ಹುಡುಗ ಈಗ ಅಡಿಕೆ ಬಿಟ್ಟಿದ್ದಾನೆ, ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟು ವ್ಯಾಯಾಮ ಮಾಡುತ್ತಾನೆ. ಎರಡು ಬೆರಳು ಸಲೀಸಾಗಿ ಹೋಗುತ್ತವೆ. ಮೂರನೆಯದು ಇನ್ನೂ ಹೋಗಿಲ್ಲ.

ಯಾವುದೇ ಹುಣ್ಣು ಹದಿನೈದು ದಿನ ದಾಟಿದರೆ, ಕೆನ್ನೆಯಲ್ಲಿ, ನಾಲಿಗೆಯ ಪಕ್ಕದಲ್ಲಿ ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ನೋವಿಲ್ಲವೆಂದು ಸುಮ್ಮನಿರಬೇಡಿ. ಕ್ಯಾನ್ಸರ್ ಶುರುವಿನಲ್ಲಿ ನೋಯುವುದು ಕಡಿಮೆ. ಹಲ್ಲಿನ ಸೆಟ್ ಹಾಕುವ ಅಜ್ಜ ಅಜ್ಜಿಯರು ರಾತ್ರಿ ಅದನ್ನು ತೆಗೆದು ನೀರಿನಲ್ಲಿಟ್ಟು ಮಲಗಬೇಕು, ಕೆಳಗಿನ ಒಸಡನ್ನು ಮಕ್ಕಳು ಬೆಳಕಿನಲ್ಲಿ ನೋಡಬೇಕು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಹೆಸರು ಕೇಳಿದರೇ ಹೆದರುವವರಿದ್ದಾರೆ. ಅದು ಸ್ವಾತಂತ್ರ್ಯ ಹೋರಾಟಗಾರರೂ ಕೇಂದ್ರ ಮಂತ್ರಿಗಳೂ ಆಗಿದ್ದ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನ ಸಂಸ್ಥೆ. ಬೇಗ ಹೋದವರು ಗುಣವಾಗಿ ಬಂದದ್ದೂ ಅಲ್ಲಿಂದಲೇ.

ತಂಬಾಕು ಬಿಡಬೇಕೆನ್ನುವವರಿಗೆ ಸರಕಾರದ ಉಚಿತ ದೂರವಾಣಿ 1800 112 356 ಇದೆ, ಕನ್ನಡದಲ್ಲಿಯೂ ಮಾತನಾಡಬಹುದು. ಸಂಖ್ಯೆಯನ್ನು ಕಪ್ಪು ಹಲಗೆಯ ಮೇಲೆ ಬರೆದಿದ್ದೇನೆ, ನಾಳೆಯವರೆಗೆ ಯಾರೂ ಅಳಿಸಬೇಡಿ. ಶನಿವಾರದ ತಪಾಸಣೆಗೆ ಬರುವವರು ಇವತ್ತೇ ಕಛೇರಿಯಲ್ಲಿ ಹೆಸರು ಬರೆಸಿ. ಹೆಣ್ಣುಮಕ್ಕಳಿಗೆ ಬೇರೆ ಕೋಣೆ, ಮಹಿಳಾ ವೈದ್ಯರು ಇರುತ್ತಾರೆ.